ಚಪ್ಪಟೆ ಪ್ರೈಮರ್ ಹೇಳುವ ಸಾಕ್ಷ್ಯ

ರೈಫಲ್ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಅಮೆರಿಕನ್ನರಲ್ಲಿ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ತಳದ ಪುಟ್ಟ ಟೋಪಿ, ನೋಡಿ ಒತ್ತಡ ಹೇಳುವ ವಿದ್ಯೆಗೆ ಸಿಕ್ಕಿರುವ ಗೌರವ ಅತಿಯಾಯಿತು. ಹಾರಿಸಿದ ತೋಟಾದ ಹಿತ್ತಾಳೆ ಕೇಸಿನ ತಳದಲ್ಲಿ ಪ್ರೈಮರಿನ ಅಂಚು ದುಂಡಗಿದ್ದರೆ ಕ್ಷೇಮ, ಚಪ್ಪಟೆಯಾಗಿದ್ದರೆ ಮದ್ದು ಹೆಚ್ಚು. ಈ ಪಾಠದ ಎರಡೂ ಅರ್ಧಗಳು ದಾರಿ ತಪ್ಪಿಸುತ್ತವೆ.

ಚಪ್ಪಟೆಯನ್ನೇ ನೋಡೋಣ. ಹಳೆಯ ಕೇಸನ್ನು ಮತ್ತೆ ಅಳತೆಗೆ ತರುವಾಗ ಡೈ ಅದರ ಭುಜವನ್ನು ಬೇಕಾದದ್ದಕ್ಕಿಂತ ಹಿಂದಕ್ಕೆ ಒತ್ತಿದ್ದರೆ, ಚೇಂಬರಿನಲ್ಲಿ ಕೇಸು ಸರಿದಾಡಲು ಜಾಗ ಉಳಿಯುತ್ತದೆ. ಫೈರಿಂಗ್ ಪಿನ್ನಿನ ಏಟಿಗೆ ಕೇಸು ಮುಂದಕ್ಕೆ ಹೋಗುತ್ತದೆ. ಸಿಡಿದ ಪ್ರೈಮರ್ ಗೂಡಿನಿಂದ ಹೊರಬಂದು ಬೋಲ್ಟಿನ ಮುಖಕ್ಕೆ ಆತುಕೊಳ್ಳುತ್ತದೆ. ಒತ್ತಡ ಏರುತ್ತಲೇ ಕೇಸು ಹಿಂದಕ್ಕೆ ಹಿಗ್ಗಿ, ಹೊರಗೆ ಉಬ್ಬಿದ್ದ ಪ್ರೈಮರನ್ನು ಗೂಡಿಗೇ ಜಜ್ಜುತ್ತದೆ. ಮದ್ದು ಮಿತಿಯಲ್ಲೇ ಇದೆ, ಪ್ರೈಮರ್ ಮಾತ್ರ ಹಪ್ಪಳ. ತೀರಾ ಹಗುರ ಲೋಡಿನಲ್ಲಾದರೆ ಕೇಸನ್ನು ಹಿಗ್ಗಿಸುವಷ್ಟು ಬಲವಿಲ್ಲದೆ ಪ್ರೈಮರ್ ಹೊರಚಾಚಿಕೊಂಡೇ ಉಳಿಯುತ್ತದೆ. ಇಲ್ಲಿ ಸರಿಪಡಿಸಬೇಕಾದದ್ದು ಡೈ. ಅದನ್ನು ಬಿಟ್ಟು ಮದ್ದನ್ನಷ್ಟೇ ಇಳಿಸಿದವನ ಕೇಸುಗಳು ಸಲಸಲಕ್ಕೂ ಎಳೆದು ತೆಳುವಾಗಿ, ಒಂದು ದಿನ ತಳದ ಬಳಿ ಹರಿಯುತ್ತವೆ.

ದುಂಡಗಿನ ಪ್ರೈಮರಿನ ಭರವಸೆ ಇನ್ನೂ ಕೆಟ್ಟದ್ದು. .30-30 ವಿಂಚೆಸ್ಟರಿಗೆ ಅಮೆರಿಕದ ತಯಾರಕರ ಸಂಸ್ಥೆ ವಿಧಿಸಿದ ಒತ್ತಡದ ಮಿತಿ ಚದರ ಇಂಚಿಗೆ 42,000 ಪೌಂಡ್; .270 ವಿಂಚೆಸ್ಟರಿಗೆ 65,000. ಎರಡಕ್ಕೂ ಕೂರಿಸುವುದು ಲಾರ್ಜ್ ರೈಫಲ್ ಪ್ರೈಮರನ್ನೇ. ಹೀಗಿರುವಾಗ .30-30 ತನ್ನ ಮಿತಿಯನ್ನು ಎಷ್ಟೋ ದಾಟಿದ ಮೇಲೂ ಪ್ರೈಮರ್ ದುಂಡಗಿದ್ದರೆ ಆಶ್ಚರ್ಯವೇನು? ಹಳೆಯ ಲಿವರ್ ರೈಫಲ್ ಅಷ್ಟರಲ್ಲಿ ಪೆಟ್ಟು ತಿಂದಿರುತ್ತದೆ.

ಪ್ರೈಮರನ್ನು ನಂಬದವರು ಕೆನ್ ವಾಟರ್ಸ್ ಹೆಸರೆತ್ತುತ್ತಾರೆ. ‘ಹ್ಯಾಂಡ್‌ಲೋಡರ್’ ಪತ್ರಿಕೆಯ ‘ಪೆಟ್ ಲೋಡ್ಸ್’ ಬರಹಗಳಲ್ಲಿ ಅವರು ಮೈಕ್ರೋಮೀಟರಿನಿಂದ ಕೇಸಿನ ಹಿಗ್ಗುವಿಕೆಯನ್ನು ಅಳೆದರು. ಅವರ ತಾಳ್ಮೆ ದೊಡ್ಡದು, ಒಪ್ಪುತ್ತೇನೆ. ಆ ಅಳತೆಯನ್ನು ವಿಜ್ಞಾನವೆಂದು ಸಾರುವವರನ್ನು ಒಪ್ಪಲಾರೆ. ಹಿತ್ತಾಳೆಯ ಗಡಸುತನ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ, ಒಂದು ಕಂತಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಿಗ್ಗಿದ್ದು ಒತ್ತಡಕ್ಕೋ ಮೆದು ಲೋಹಕ್ಕೋ ಎಂಬುದನ್ನು ಮೈಕ್ರೋಮೀಟರ್ ಹೇಳುವುದಿಲ್ಲ.

ಕಡೆಗಣನೆಗೆ ಒಳಗಾಗಿರುವುದು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್. ಅದೇ ಮದ್ದು, ಅದೇ ಗುಂಡು, ಅಷ್ಟೇ ಉದ್ದದ ನಳಿಗೆ. ಕೈಪಿಡಿಯ ಗರಿಷ್ಠ ವೇಗ ಕಡಿಮೆ ಮದ್ದಿಗೇ ಬಂದುಬಿಟ್ಟರೆ ಒತ್ತಡವೂ ಗರಿಷ್ಠ ಮುಟ್ಟಿದೆಯೆಂದು ತಿಳಿದು ಅಲ್ಲೇ ನಿಲ್ಲಬೇಕು. ಬೋಲ್ಟ್ ಎತ್ತಲು ಬಿಗಿಯಾಗುವುದು, ಕೇಸಿನ ತಳದಲ್ಲಿ ಇಜೆಕ್ಟರಿನ ಹೊಳಪು ಗುರುತು ಮೂಡುವುದು ಗಂಭೀರ ಸೂಚನೆಗಳೇ, ಆದರೆ ಹಿತ್ತಾಳೆ ಸೋತ ಮೇಲಿನವು. ಅವು ಕಂಡರೆ ಉಳಿದ ತೋಟಾಗಳನ್ನು ಹಾರಿಸದೆ ಬಿಚ್ಚಿ, ಮದ್ದು ಹೊರಗೆ ಸುರಿಯಬೇಕು.