ಹುಲಿ ಮೂರು, ಆಡು ಹದಿನೈದು

ಆಡು-ಹುಲಿ ಆಟದ ಹಂಚಿಕೆ ನೋಡಿದರೆ ಅದು ಅನ್ಯಾಯದ ಆಟ. ಹುಲಿ 3, ಆಡು 15. ಹುಲಿಗೆ ಆಡಿನ ಮೇಲೆ ಜಿಗಿದು ತಿನ್ನುವ ಹಕ್ಕಿದೆ, ಆಡಿಗಿಲ್ಲ. ಹುಲಿ ಮೊದಲಿನಿಂದಲೂ ಓಡಾಡಬಹುದು. ಆಡುಗಳೋ ಒಂದೊಂದಾಗಿ ಮನೆಗೆ ಇಳಿಯಬೇಕು, ಕೊನೆಯದು ಇಳಿಯುವ ತನಕ ಮೊದಲು ಇಳಿದವು ಕದಲುವಂತಿಲ್ಲ. ಆದರೂ ಗುಡಿಯ ಕಟ್ಟೆ, ಮಂಟಪದ ಹಾಸುಗಲ್ಲುಗಳ ಮೇಲೆ ಈ ಆಟದ ಗೀಟುಗಳು ಇವತ್ತಿಗೂ ಕಾಣಸಿಗುತ್ತವೆ. ಆಡು ಹಿಡಿದವರು ಸೋಲಲೇಬೇಕು ಎಂದಿದ್ದರೆ ಕಲ್ಲು ಕೊರೆಯುವ ಶ್ರಮವನ್ನು ಯಾರೂ ಪಡುತ್ತಿರಲಿಲ್ಲ. ಆಡುಗಳು ಒಂದರ ಬೆನ್ನಿಗೊಂದು ನಿಂತರೆ ಜಿಗಿಯಲು ಆಚೆ ಮನೆ ಖಾಲಿ ಸಿಗದೆ ಹುಲಿ ನಿಂತಲ್ಲೇ ಕಟ್ಟುಬೀಳುತ್ತದೆ. ಇದೇ ಕುಲದ ನೇಪಾಳದ ಬಾಘ್ ಚಾಲ್ ಆಟದಲ್ಲಿ ಹುಲಿ 4, ಆಡು 20. ಇಬ್ಬರೂ ಎಲ್ಲಿಯೂ ತಪ್ಪದೆ ಆಡಿದರೆ ಅದು ಡ್ರಾ ಆಗುತ್ತದೆಂದು 2007ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಸಾಬೀತಾಯಿತು. ಕಾಯಿಗಳ ಬಲ ಸಮವಿಲ್ಲದೆಯೂ ಆಟ ಸಮತೂಕವಾಗಿರಬಲ್ಲದು.

ಹಳ್ಳಿಯ ಹುಡುಗರಿಗೆ ಗೊತ್ತಿದ್ದ ಈ ಸಂಗತಿಯನ್ನು ಅರಗಿಸಿಕೊಳ್ಳಲು ಅಮೆರಿಕದ ಒಂದು ಆಟದ ಪರಂಪರೆ 50 ವರ್ಷ ಹೆಣಗಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್. ಮೊದಲಿಗೆ ಇದ್ದವು ಮೂರೇ: ಕಾದಾಡುವ ಫೈಟರ್, ಮಂತ್ರ ಹಾಕುವ ಮ್ಯಾಜಿಕ್ ಯೂಸರ್, ದೇವರ ಹೆಸರಲ್ಲಿ ಗಾಯ ಮಾಯಿಸುವ ಕ್ಲೆರಿಕ್. 1975ರ ಗ್ರೇಹಾಕ್ ಪುರವಣಿಯಲ್ಲಿ ಬೀಗ ತೆಗೆಯುವ ಥೀಫ್ ಬಂದ. ಅಂದಿನಿಂದ ಇಂದಿನವರೆಗೆ ಯಾವ ಕ್ಲಾಸ್ ಮೇಲು, ಯಾವುದು ಹಗುರ ಎಂಬ ಜಗಳ ನಿಂತಿಲ್ಲ. ಈ ಪಂಥದ ಬಗ್ಗೆ ನನ್ನ ತಕರಾರು ಇಷ್ಟು: ಪಾತ್ರದ ಬಲವನ್ನು ಅದು ಬಹಳ ಅಕ್ಕರೆಯಿಂದ ಅಳೆಯಿತು, ಪಾತ್ರ ಹಿಡಿದವರಿಗೆ ಕಥೆ ತಿರುಗಿಸುವ ಅವಕಾಶ ಎಷ್ಟಿದೆ ಎಂಬುದನ್ನು ಅಳೆಯಲು ಮರೆಯಿತು.

ಮೊದಲ ತಲೆಮಾರು ತೂಕವನ್ನು ಕಾಲದ ಮೇಲೆ ಹಂಚಿತು. 1981ರ ಬೇಸಿಕ್ ಪುಸ್ತಕದಲ್ಲಿ ಎರಡನೇ ಲೆವೆಲ್ ಮುಟ್ಟಲು ಥೀಫ್‌ಗೆ 1,200 ಅನುಭವದ ಅಂಕ ಸಾಕು. ಫೈಟರ್‌ಗೆ 2,000, ಮ್ಯಾಜಿಕ್ ಯೂಸರ್‌ಗೆ 2,500, ಕತ್ತಿ ಮಂತ್ರ ಎರಡೂ ಬಲ್ಲ ಎಲ್ಫ್‌ಗೆ 4,000. ಆರಂಭದಲ್ಲಿ ಮ್ಯಾಜಿಕ್ ಯೂಸರ್ ಕೈಯಲ್ಲಿ ಇರುವುದು ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಗೆಳೆಯರ ಬೆನ್ನ ಹಿಂದೆ ಜೀವ ಹಿಡಿದು ನಿಲ್ಲಬೇಕು. ಬದುಕಿ ಮೇಲೇರಿದರೆ ಒಂದು ಗುಂಪು ಶತ್ರುಗಳನ್ನು ಒಂದೇ ಉಸಿರಿಗೆ ಸುಡಬಲ್ಲ. ಇಂದಿನ ಬಡತನಕ್ಕೆ ನಾಳೆಯ ದೊರೆತನ ಪರಿಹಾರ ಎಂಬ ಈ ಒಪ್ಪಂದಕ್ಕೆ ಒಂದು ಗಾಂಭೀರ್ಯವಿತ್ತು. ಆದರೆ ಅದು ವರ್ಷಗಟ್ಟಲೆ ನಡೆಯುವ ಆಟವನ್ನು ನಂಬಿತ್ತು. ನಡುವೆ ಆಟ ನಿಂತರೆ ಮ್ಯಾಜಿಕ್ ಯೂಸರ್ ಹಿಡಿದವರಿಗೆ ಬರೀ ಬಡತನವೇ ಗಟ್ಟಿ. ನಿಲ್ಲದೆ ನಡೆದರೆ ಫೈಟರ್ ಹಿಡಿದವರು ಕೊನೆಯ ಅರ್ಧವನ್ನು ಸುಮ್ಮನೆ ನೋಡುತ್ತ ಕಳೆಯಬೇಕು. ಎರಡು ಅನ್ಯಾಯ ಕೂಡಿಸಿದರೆ ಒಂದು ನ್ಯಾಯ ಆಗುವುದಿಲ್ಲ.

2000ದಲ್ಲಿ ಬಂದ ಮೂರನೇ ಆವೃತ್ತಿ ಎಲ್ಲ ಕ್ಲಾಸ್‌ಗೂ ಲೆವೆಲ್ ಏರಲು ಒಂದೇ ಕೋಷ್ಟಕ ಹಾಕಿತು. ನೋಡಲು ಇದು ಸಮಾನತೆ. ನಿಜದಲ್ಲಿ, ಹಳೆಯ ವ್ಯವಸ್ಥೆ ಮಂತ್ರವಾದಿಗೆ ಹಾಕಿದ್ದ ಒಂದು ಲಗಾಮು ಕಳಚಿತು. ಈಗ ವಿಝಾರ್ಡ್ ಎನಿಸಿಕೊಂಡ ಮ್ಯಾಜಿಕ್ ಯೂಸರ್ ಮೂರನೇ ಲೆವೆಲ್‌ಗೇ ‘ನಾಕ್’ ಮಂತ್ರ ಕಲಿತು ಬೀಗ ತೆಗೆಯುತ್ತಾನೆ, ಹಾಗಾದರೆ ರೋಗ್ ಎನಿಸಿಕೊಂಡ ಹಳೆಯ ಥೀಫ್ ಯಾಕೆ ಬೇಕು? ಐದನೇ ಲೆವೆಲ್‌ಗೆ ಹಾರುತ್ತಾನೆ, ಆಗ ಗೋಡೆ ಹತ್ತಲು ಕಲಿತವನ ಗತಿ ಏನು? ಕಾಡಿನ ಮಂತ್ರಗಳ ಡ್ರೂಯಿಡ್ ಜೊತೆ ಬರುವ ಪ್ರಾಣಿಯೇ ಅರ್ಧ ಫೈಟರ್‌ನ ಕೆಲಸ ಮಾಡುತ್ತದೆ. ಈ ಆವೃತ್ತಿಯನ್ನು ಬೈಯುವವರು ಹೆಚ್ಚಾಗಿ ಯಾರು ಎಷ್ಟು ಪೆಟ್ಟು ಕೊಡುತ್ತಾರೆಂಬ ಅಂಕಿಗಳನ್ನು ಎತ್ತಿ ತೋರಿಸುತ್ತಾರೆ. ರೋಗ ಅಂಕಿಯಲ್ಲಿ ಇರಲಿಲ್ಲ. ಫೈಟರ್‌ಗೆ ಕೊಟ್ಟದ್ದು ಸಂಖ್ಯೆ: ಇನ್ನೊಂದು ಏಟು, ಇನ್ನೆರಡು ಅಂಕ. ವಿಝಾರ್ಡ್‌ಗೆ ಕೊಟ್ಟದ್ದು ಅಪ್ಪಣೆ: ಹಾರು, ಮಾಯವಾಗು, ಬೇರೆ ಲೋಕಕ್ಕೆ ಹೋಗು. ಸಂಖ್ಯೆ ಎಷ್ಟೇ ಬೆಳೆದರೂ ಮುಂದಿನ ದೃಶ್ಯ ಎಲ್ಲಿ ನಡೆಯಬೇಕೆಂದು ಅದು ತೀರ್ಮಾನಿಸಲಾರದು.

ಕ್ಲೆರಿಕ್‌ನ ಕಥೆ ಬೇರೆ, ಅದು ನಮ್ಮೂರು ಬೆಳಗಾವಿಗೆ ಹೆಚ್ಚು ಹತ್ತಿರದ್ದು. ಖಾಸಬಾಗ, ವಡಗಾವಿ, ಶಹಾಪುರದ ನೇಕಾರ ಮನೆಗಳಲ್ಲಿ ಮಗ್ಗ ನಡೆಸುವವನಿಗೆ ನೇಕಾರನೆಂಬ ಹೆಸರು. ಮೂಲೆಯಲ್ಲಿ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕಿ ಸುತ್ತುವ ಅವ್ವನಿಗೆ ಹೆಸರಿಲ್ಲ. ಕಂಡಿಕಿ ನಿಂತರೆ ಮಗ್ಗ ನಿಲ್ಲುತ್ತದೆ, ಸೀರೆ ಮಾತ್ರ ಅವನು ನೇಯ್ದದ್ದು. ಕ್ಲೆರಿಕ್ ಇಲ್ಲದ ತಂಡ ಬದುಕುವುದು ಕಷ್ಟ, ಆದರೂ ಕ್ಲೆರಿಕ್ ಆಗು ಎಂದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಮೂರನೇ ಆವೃತ್ತಿ ಇದಕ್ಕೆ ಕಂಡುಕೊಂಡ ಔಷಧ ಬಲ. ಸಿದ್ಧ ಮಾಡಿಕೊಂಡ ಹೆಚ್ಚಿನ ಮಂತ್ರಗಳನ್ನು ಗಾಯ ಮಾಯಿಸಲು ತಿರುಗಿಸಿಕೊಳ್ಳಬಹುದು ಎಂದಿತು, ಮೇಲಿಂದ ಒಳ್ಳೆಯ ಕವಚ, ಒಳ್ಳೆಯ ಮಂತ್ರಗಳನ್ನೂ ಕೊಟ್ಟಿತು. ಕ್ಲೆರಿಕ್ ಎಷ್ಟು ಬಲಿಷ್ಠನಾದನೆಂದರೆ ಫೈಟರ್‌ನ ಕೆಲಸವನ್ನೂ ಅವನೇ ಮಾಡಿ ಮುಗಿಸಿದ. ಕಾಣದ ಕೆಲಸಕ್ಕೆ ಗೌರವ ಕೊಡುವ ಬದಲು ಕೂಲಿ ಹೆಚ್ಚಿಸಿದಂತಾಯಿತು. ಕೂಲಿ ಬಂತು, ಗಾಯ ಮಾಯಿಸುವ ಕೆಲಸ ಮತ್ತೆ ಬೇಡವಾಯಿತು.

2008ರ ನಾಲ್ಕನೇ ಆವೃತ್ತಿಯನ್ನು ಹೀಯಾಳಿಸುವುದು ಈ ಆಟದವರಲ್ಲಿ ಈಗಲೂ ರೂಢಿ. ಅದಕ್ಕೆ ನ್ಯಾಯ ಸಲ್ಲಬೇಕು. ಪ್ರತಿ ಕ್ಲಾಸ್‌ನ ಹೊಣೆ ಏನೆಂದು ಮುಚ್ಚುಮರೆಯಿಲ್ಲದೆ ಬರೆದ ಮೊದಲ ಆವೃತ್ತಿ ಅದು: ತಡೆಯುವವರು, ಹೊಡೆಯುವವರು, ರಣರಂಗವನ್ನು ಹಿಡಿತದಲ್ಲಿ ಇಡುವವರು, ತಂಡವನ್ನು ಎತ್ತಿ ನಿಲ್ಲಿಸುವವರು. ಕ್ಲೆರಿಕ್ ಗೆಳೆಯನ ಗಾಯ ಮಾಯಿಸಿ ಅದೇ ಸರದಿಯಲ್ಲಿ ತಾನೂ ಏಟು ಹಾಕಬಹುದು ಎಂಬ ಸಣ್ಣ ನಿಯಮ, ಕಂಡಿಕಿ ಸುತ್ತುವವರನ್ನು ಮೂಲೆಯಿಂದ ಹೊರಗೆ ತಂದಿತು. ಎಲ್ಲರಿಗೂ ಯಾವಾಗಲೂ ಬಳಸುವ, ಕಾಳಗಕ್ಕೊಮ್ಮೆ ಬಳಸುವ, ದಿನಕ್ಕೊಮ್ಮೆ ಬಳಸುವ ಶಕ್ತಿಗಳನ್ನು ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಹಂಚಲಾಯಿತು. ತೂಕ ಬಂತು. ಆದರೆ ಫೈಟರ್‌ನ ಪುಟ, ವಿಝಾರ್ಡ್‌ನ ಪುಟ ಪಕ್ಕಪಕ್ಕ ಇಟ್ಟರೆ ಒಂದೇ ಅಚ್ಚು. ಹುಲಿ ಆಡುಗಳನ್ನು ಒಂದೇ ಗಾತ್ರಕ್ಕೆ ಕೆತ್ತಿ ಸಮ ಮಾಡಿದ ಹಾಗೆ. ಹುಲಿ ಹಿಡಿಯುವ ಆಸೆಯೂ ಹೋಯಿತು, ಆಡುಗಳಿಂದ ಹುಲಿ ಕಟ್ಟುವ ಹಿಗ್ಗೂ ಹೋಯಿತು.

2014ರ ಐದನೇ ಆವೃತ್ತಿ ಮತ್ತೆ ವೈವಿಧ್ಯಕ್ಕೆ ಮರಳಿತು, ತೂಕದ ಭಾರವನ್ನು ಡಂಜನ್ ಮಾಸ್ಟರ್ ಹೆಗಲಿಗೆ ಹೊರಿಸಿತು. ಅವರಿಗಾಗಿ ಬರೆದ ಪುಸ್ತಕ ಕಥೆಯ ಒಂದು ದಿನದಲ್ಲಿ ಮಧ್ಯಮ ಅಥವಾ ಕಠಿಣವಾದ 6ರಿಂದ 8 ಮುಖಾಮುಖಿಗಳನ್ನು ಎಣಿಸಿತ್ತು. ಅಷ್ಟು ನಡೆದರೆ ವಿಝಾರ್ಡ್‌ನ ಮಂತ್ರ ಬರಿದಾಗಿ ಫೈಟರ್‌ಗೆ ಕಾಲ ಬರುತ್ತದೆ. ರವಿವಾರ ಮಧ್ಯಾಹ್ನ ಕೂತು ಸಂಜೆಗೆ ಏಳುವ ಮಂದಿ ಒಂದೆರಡು ಕಾಳಗ ಮುಗಿಸಿದರೆ ಹೆಚ್ಚು. ಹಾಗಾಗಿ ಮಂತ್ರವಾದಿ ಇದ್ದದ್ದನ್ನೆಲ್ಲ ಮೊದಲ ಕಾಳಗದಲ್ಲೇ ಸುರಿಯುತ್ತಾನೆ. ದೂರಿದರೆ ಸಿಗುವ ಉತ್ತರ ಒಂದೇ: ಒಳ್ಳೆಯ ಡಂಜನ್ ಮಾಸ್ಟರ್ ಇದನ್ನು ಸರಿಪಡಿಸುತ್ತಾರೆ.

ಈ ಉತ್ತರವನ್ನು ಒಪ್ಪುವ ಮೊದಲು ನಮ್ಮ ಜಿಲ್ಲೆಯ ಸಣ್ಣಾಟ ಎಂಬ ಜಾನಪದ ನಾಟಕ ನೋಡಬೇಕು. ಮೊದಲಿಗೆ ಒಂದು ವ್ಯತ್ಯಾಸ: ಆಡು-ಹುಲಿಯಲ್ಲಿ ಇಬ್ಬರು ಎದುರಾಳಿಗಳು. ತೂಕ ತಪ್ಪಿದರೆ ಒಬ್ಬರು ಸೋಲುತ್ತಾರೆ, ಅಷ್ಟೇ. ಮೇಜಿನ ಸುತ್ತ ಕೂತವರು ಜೊತೆಗಾರರು. ಅಲ್ಲಿ ತೂಕ ತಪ್ಪಿದರೆ ಒಬ್ಬರು ಬೇಡವಾಗುತ್ತಾರೆ. ಜೊತೆಗಾರರ ತೂಕಕ್ಕೆ ಬೈಲಹೊಂಗಲದ ಕಥೆಯಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಒಳ್ಳೆಯ ಪಾಠ. ಚೆಲುವು, ದೌಲತ್ತು, ಪ್ರೇಮದ ಹಾಡು ಎಲ್ಲ ಸಂಗ್ಯಾನ ಪಾಲು. ಬಾಳ್ಯಾ ಬರೀ ಗೆಳೆಯ. ಆದರೆ ಆ ಗೆಳೆಯ ಕೈಬಿಟ್ಟ ಗಳಿಗೆಯೇ ಸಂಗ್ಯಾನ ಸಾವಿನ ಗಳಿಗೆ. ಸಂಗ್ಯಾ ಮರುಳಾದ ಗಂಗಿಯ ಬಳಿಗೆ ಮಾತು ಒಯ್ಯುವ ಮುದುಕಿಗೆ ಇರುವುದು ಕೆಲವೇ ದೃಶ್ಯ, ಅವಳು ಒಲ್ಲೆ ಎಂದರೆ ಕಥೆಯೇ ಹುಟ್ಟುವುದಿಲ್ಲ. ಮೂವರ ಬಲ ಹೋಲಿಸಲು ಬರುವಂಥದ್ದಲ್ಲ, ಆದರೆ ಮೂವರ ಕೈಯಲ್ಲೂ ಕಥೆಯ ಒಂದೊಂದು ತಿರುವು ಇದೆ. ಇದು ಮೇಳ ಕಟ್ಟಿಕೊಟ್ಟದ್ದಲ್ಲ, ಕಥೆಯ ರಚನೆಯೇ ಕೊಟ್ಟದ್ದು. ಮೇಳದವರು ಒಂದು ದೃಶ್ಯವನ್ನು ಎಳೆಯಬಹುದು, ಕುಗ್ಗಿಸಬಹುದು. ತಿರುವೇ ಇಲ್ಲದ ಪಾತ್ರಕ್ಕೆ ತಿರುವು ತಂದುಕೊಡುವುದು ಅವರ ಕೆಲಸವಲ್ಲ. ಡಂಜನ್ ಮಾಸ್ಟರ್ ಮೇಲೂ ಆ ಹೊರೆ ಹಾಕುವುದು ತಪ್ಪು.

ಈ ಅರಿವು ಅದೇ ಲೋಕದ ಒಂದು ಮೂಲೆಯಲ್ಲಿ ಮೊದಲೇ ಮೂಡಿತ್ತು. 1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹಾಗನ್ ತಂದ ಆರ್ಸ್ ಮ್ಯಾಜಿಕಾ, ಮಾಂತ್ರಿಕನೇ ದೊಡ್ಡವನು ಎಂದು ನಾಚಿಕೆಯಿಲ್ಲದೆ ಸಾರುತ್ತದೆ. ಅವನ ಕೆಳಗೆ ಸಂಗಾತಿ, ಸಂಗಾತಿಯ ಕೆಳಗೆ ಗ್ರಾಗ್ ಎಂಬ ಆಳುಗಳು. ಆದರೆ ಒಬ್ಬೊಬ್ಬರ ಕೈಯಲ್ಲೂ ಒಂದಕ್ಕಿಂತ ಹೆಚ್ಚು ಪಾತ್ರ. ಈ ಸಲ ಮಾಂತ್ರಿಕನಾದವರು ಮುಂದಿನ ಸಲ ಗೆಳತಿಯ ಮಾಂತ್ರಿಕನ ಹಿಂದೆ ಈಟಿ ಹಿಡಿದು ನಿಲ್ಲುತ್ತಾರೆ. ಪಾತ್ರಗಳ ನಡುವಿನ ಮೇಲು-ಕೀಳನ್ನು ಹಾಗೇ ಬಿಟ್ಟು ಆಡುವವರ ನಡುವೆ ಸರದಿ ಹಾಕಿದರು. ವಿಚಿತ್ರವೆಂದರೆ 2000ದ ಮೂರನೇ ಆವೃತ್ತಿಯ ಮುಖ್ಯ ವಿನ್ಯಾಸಕರಲ್ಲಿ ಇದೇ ಟ್ವೀಟ್ ಇದ್ದರು. ಆ ಹೊತ್ತಿಗೆ ವಿಝಾರ್ಡ್ ಉಳಿದ, ಸರದಿ ಉಳಿಯಲಿಲ್ಲ.

ಈ ಪಂಥದ ಸಾಧನೆ ಸಣ್ಣದಲ್ಲ. ಅಪರಿಚಿತರು ನಾಲ್ಕು ಮಂದಿ ಒಂದು ಮೇಜಿಗೆ ಬಂದು ನಾನು ಇದು, ನೀನು ಅದು ಎಂದು ಒಂದು ಮಾತಲ್ಲಿ ಕೆಲಸ ಹಂಚಿಕೊಳ್ಳುವಂತೆ ಮಾಡಿದ್ದು ಕ್ಲಾಸ್ ಎಂಬ ವ್ಯವಸ್ಥೆಯೇ. ಆದರೆ ಮುಂದಿನ ಆವೃತ್ತಿ ಬರೆಯುವವರು ಪೆಟ್ಟಿನ ಕೋಷ್ಟಕ ತಿದ್ದುವುದಕ್ಕೆ ಮೊದಲು ಪ್ರತಿ ಕ್ಲಾಸ್‌ಗೂ ಒಂದೇ ಪ್ರಶ್ನೆ ಕೇಳಲಿ: ಈ ಪಾತ್ರ ಇವತ್ತು ಬರದಿದ್ದರೆ ಕಥೆ ಬೇರೆ ಕಡೆಗೆ ಹೋಗುತ್ತಿತ್ತೇ? ಇಲ್ಲ ಎಂಬ ಉತ್ತರ ಬಂದ ಕ್ಲಾಸ್‌ಗೆ ಇನ್ನೆರಡು ಅಂಕ ಸೇರಿಸಿ ಪ್ರಯೋಜನವಿಲ್ಲ. ಅದಕ್ಕೆ ಮಾತ್ರ ಸಾಧ್ಯವಾಗುವ ಒಂದು ಕೆಲಸವನ್ನು ಕೊಡಬೇಕು, ಅದನ್ನು ಮಂತ್ರಗಳ ಪಟ್ಟಿಯಿಂದ ಹೊರಗಿಡಬೇಕು.