ನಲಿ-ಕಲಿಯ ಏಣಿ ಮತ್ತು ಮನೆಮಾತು

ಪ್ರಾಥಮಿಕ ಶಿಕ್ಷಣದ ಪ್ರಸ್ತಾಪ ಬಂದಲ್ಲೆಲ್ಲ ಕಲಿಕೆಯ ಕಾರ್ಡುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ಕಲಿಸುವ ‘ನಲಿ-ಕಲಿ’ ಪದ್ಧತಿಯನ್ನು ಕೊಂಡಾಡುವುದು ನಮ್ಮ ಸಭೆಗಳಲ್ಲಿ ಒಂದು ಶಿಷ್ಟಾಚಾರವೇ ಆಗಿಹೋಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು ಅದಕ್ಕೆ ರೂಪುಕೊಟ್ಟದ್ದೂ, 2009ರ ಸುಮಾರಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ್ದೂ ಬಲ್ಲವರಿಗೆ ಹೊಸ ಸಂಗತಿಗಳಲ್ಲ. ನನ್ನ ತಕರಾರು ಅದರ ಕೀರ್ತಿಯ ಬುಡದಲ್ಲಿಯೇ ಇದೆ: ಪ್ರತಿಯೊಂದು ಮಗುವೂ ತನ್ನ ಗತಿಯಲ್ಲಿ ಕಲಿಯಲೆಂದು ಉದಾರವಾಗಿ ಒಪ್ಪಿಕೊಂಡ ಈ ಪದ್ಧತಿ, ಪ್ರತಿಯೊಂದು ಮಗುವೂ ತನ್ನ ನುಡಿಯೊಡನೆ ಶಾಲೆಗೆ ಬರುತ್ತದೆಂಬುದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

ಅದರ ಅತ್ಯಂತ ಪ್ರಶಂಸಿತ ಯುಕ್ತಿಯನ್ನೇ ಪರೀಕ್ಷಿಸೋಣ. ವರ್ಣಮಾಲೆಯ ಶಾಸ್ತ್ರೀಯ ಕ್ರಮವನ್ನು ಬದಿಗಿರಿಸಿ ನಲಿ-ಕಲಿ ರ, ಗ, ಸ, ದ, ಅ ಎಂಬ ಐದಕ್ಷರಗಳಿಂದ ಆರಂಭಿಸುತ್ತದೆ. ಇಷ್ಟನ್ನು ಕಲಿತ ಮಗು ಕಾಗುಣಿತದ ಗೊಡವೆಯಿಲ್ಲದೆ ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಂದು ಓದಬಲ್ಲುದು. ಬರಿಯ ಅಕ್ಷರದ ಜೊತೆಗೆ ಅರ್ಥವನ್ನೂ ಮೊದಲಲ್ಲಿಯೇ ಕೈಗಿಡುವ ಈ ವಿನ್ಯಾಸದ ಚಾತುರ್ಯವನ್ನು ಅಲ್ಲಗಳೆಯಲಾರೆ. ಆದರೆ ಆ ಚಾತುರ್ಯವೆಲ್ಲವೂ ಒಂದು ಅನುಕ್ತ ಕರಾರಿನ ಮೇಲೆ ನಿಂತಿದೆ: ಗ-ರ-ಗ-ಸ ಎಂದು ಬಿಡಿಬಿಡಿಯಾಗಿ ಉಚ್ಚರಿಸಿ ಕೂಡಿಸಿದಾಗ ಉಂಟಾಗುವ ಧ್ವನಿ ಮಗುವಿನ ಕಿವಿಗೆ ಮೊದಲೇ ಪರಿಚಿತವಾಗಿರಬೇಕು. ಜೇನುಕುರುಬರ ಹಾಡಿಯಿಂದಲೋ ಲಂಬಾಣಿ ತಾಂಡಾದಿಂದಲೋ ಬಂದ ಮಗು ಆ ಮಾತನ್ನು ಮನೆಯಲ್ಲಿ ಕೇಳದೆ ಬಂದಿದ್ದರೆ, ಎಷ್ಟು ಕೂಡಿಸಿದರೂ ಅದಕ್ಕೆ ದಕ್ಕುವುದು ನಾಲ್ಕು ಸದ್ದುಗಳೇ. ಕಾರ್ಡಿನ ಚಿತ್ರ ನೆರವಾಗುವುದೆಂದು ಸಮರ್ಥಕರು ಹೇಳುವರು. ಚಿತ್ರವನ್ನು ಕಂಡ ಮಗು ತನ್ನ ಮನೆಯ ಹೆಸರನ್ನೇ ಹೇಳೀತು, ಆ ಹೆಸರಿಗೆ ಏಣಿಯಲ್ಲಿ ಮೆಟ್ಟಿಲಿಲ್ಲ. ಕನ್ನಡ ಮನೆಮಾತಿನ ಮಗು ಬಲ್ಲ ಪದದ ಆಸರೆಯಿಂದ ಅರಿಯದ ಅಕ್ಷರವನ್ನು ಹಿಡಿಯುತ್ತಿರುವಾಗ, ಅದರ ಪಕ್ಕದಲ್ಲಿ ಕುಳಿತ ಈ ಮಗು ಅರಿಯದ ಅಕ್ಷರದಿಂದ ಅರಿಯದ ಪದಕ್ಕೆ ನಡೆಯಬೇಕು. ಸಹಜವಾಗಿಯೇ ಹಿಂದುಳಿದಾಗ ಮಕ್ಕಳ ಮುನ್ನಡೆಯನ್ನು ಗುರುತಿಸುವ ‘ಪ್ರಗತಿ ನೋಟ’ದ ಪಟ್ಟಿಯಲ್ಲಿ ಕಾಣುವುದು ಅದರ ಮಂದಗತಿಯಷ್ಟೇ. ನುಡಿಯ ಭೇದವನ್ನು ಗತಿಯ ಭೇದವೆಂದು ಬರೆದುಕೊಳ್ಳುವ ಈ ಲೆಕ್ಕವೇ ಪದ್ಧತಿಯ ಮೂಲದೋಷ. ಹಾಡಿಗಳೇ ತುಂಬಿದ ತಾಲ್ಲೂಕೊಂದರಲ್ಲಿ ಹುಟ್ಟಿದ ಪದ್ಧತಿಗೆ ಈ ದೋಷ ಅಂಟಿರುವುದು ಮತ್ತಷ್ಟು ಸೋಜಿಗ.

ನ್ಯಾಯದ ಮಾತೊಂದನ್ನು ಹೇಳಬೇಕು. ಶಿಕ್ಷಕರ ನೆರವಿನಿಂದ ಆರಂಭವಾಗಿ ಸ್ವಕಲಿಕೆಯಲ್ಲಿ ಮುಗಿಯುವ ಗುಂಪುಗಳ ನಡುವೆ ಗೆಳೆಯರ ಬೆಂಬಲದಿಂದ ಕಲಿಯುವ ‘ತಟ್ಟೆ’ಗಳು, ಅಂದರೆ ಗುಂಪುಗಳು, ಉಂಟಷ್ಟೆ. ಒಂದೇ ಹಾಡಿಯ ಇಬ್ಬರು ಮಕ್ಕಳು ಅಲ್ಲಿ ಕೂಡಿದರೆ ಮನೆಮಾತು ಪಿಸುದನಿಯಲ್ಲಿ ಒಳನುಗ್ಗಿ, ಗುರುವಿಗೆ ಸಾಧ್ಯವಾಗದ ವಿವರಣೆಯನ್ನು ಕ್ಷಣಮಾತ್ರದಲ್ಲಿ ಮುಗಿಸಿಬಿಡುತ್ತದೆ. ಆದರೆ ಇದು ಮಕ್ಕಳ ಸ್ವಂತ ಸಾಧನೆ. ಪದ್ಧತಿ ಅದನ್ನು ನಿರೀಕ್ಷಿಸಲೂ ಇಲ್ಲ, ತನ್ನ ಕಾರ್ಡುಗಳಲ್ಲಿ ಅದಕ್ಕೆ ಎಡೆಗೊಡಲೂ ಇಲ್ಲ.

ಇಷ್ಟಾದರೂ ನಲಿ-ಕಲಿಯ ವಿರೋಧಿಗಳ ಪಂಕ್ತಿಯಲ್ಲಿ ಕೂರಲು ನನಗೆ ಮನಸ್ಸಿಲ್ಲ. ಅ ಆ ಇ ಈ ಕ್ರಮ ಕೆಟ್ಟಿತೆಂದು ಗೋಳಾಡುವವರು, ತರಗತಿಗಳನ್ನು ಒಂದೇ ಕೋಣೆಯಲ್ಲಿ ಕಲಸಿದರೆಂದೂ ಗದ್ದಲ ಹೆಚ್ಚಿತೆಂದೂ ದೂರುವವರು, ಪದ್ಧತಿಯಲ್ಲಿರುವ ಒಳ್ಳೆಯದನ್ನೇ ಹುಡುಕಿ ಹಳಿಯುತ್ತಾರೆ. ಇವರಿಗಿಂತಲೂ ನನಗೆ ಆಶ್ಚರ್ಯವಾಗುವುದು ನಮ್ಮ ಭಾಷಾಚಿಂತಕರನ್ನು ಕಂಡು. ಗೋಕಾಕ್ ಚಳವಳಿಯ ಕಾಲದಿಂದ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ, ಮೊದಲು ಸಂಸ್ಕೃತದ ಎದುರಿಗೂ ಬಳಿಕ ಇಂಗ್ಲಿಷಿನ ಎದುರಿಗೂ ಕನ್ನಡದ ಪರವಾಗಿ ವಾದಿಸುತ್ತ, ಮಗು ತಾಯ್ನುಡಿಯಲ್ಲಿ ಕಲಿತರೆ ಮಾತ್ರ ಬುದ್ಧಿ ಅರಳುವುದೆಂದು ಅವರು ಹೇಳಿದ ಮಾತು ನೂರಕ್ಕೆ ನೂರು ಸತ್ಯ. ಆ ಸತ್ಯವನ್ನು ಕೊರಗ, ಸೋಲಿಗ, ಜೇನುಕುರುಬ ಮಕ್ಕಳಿಗೆ ಅನ್ವಯಿಸುವ ಹೊತ್ತಿಗೆ ಮಾತ್ರ ಅವರು ಮೌನವಾಗುತ್ತಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಬೇಕೆನ್ನುವ, 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯನ್ನು ಗಡಿಯಾಚೆಯ ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ಆವೇಶದಿಂದ ಉದಾಹರಿಸುವವರು, ಗಡಿಯೀಚೆಗೆ ಅದೇ ವಿಧಿಯನ್ನು ನೆನೆಯದಿರುವುದು ಯಾವ ತರ್ಕ? ಕನ್ನಡದ ಮಗುವಿಗೆ ಮಲಯಾಳದಲ್ಲಿ ಪಾಠ ಹೇಳುವುದು ಅನ್ಯಾಯವಾದರೆ, ಹಾಡಿಯ ಮಗುವಿಗೆ ನಮ್ಮ ಭಾಷೆಯಲ್ಲಷ್ಟೇ ಪಾಠ ಹೇಳುವುದು ಅನುಗ್ರಹವಾಗಲಾರದು.

ಚಿಕ್ಕ ಚಿಕ್ಕ ನುಡಿಗಳಲ್ಲಿ ಪಾಠ ಅಸಾಧ್ಯವೆಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಒಡಿಶಾ 2006ರ ಸುಮಾರಿಗೇ ಸಾವರ, ಕುವಿ, ಜುವಾಂಗ್ ಮೊದಲಾದ ಹತ್ತು ಬುಡಕಟ್ಟು ನುಡಿಗಳಲ್ಲಿ ಆರಂಭದ ತರಗತಿಗಳನ್ನು ನಡೆಸತೊಡಗಿ, ಮೆಲ್ಲನೆ ಒಡಿಯಾಕ್ಕೆ ದಾಟಿಸುವ ಮಾರ್ಗವನ್ನು ಹಿಡಿಯಿತು. ನಮ್ಮಲ್ಲಿ ಏಣಿ ಆಗಲೇ ಸಿದ್ಧವಿದೆ. ರ ಗ ಸ ದ ಅ ಕಾರ್ಡುಗಳಿಗೆ ಮುನ್ನ ಮನೆಮಾತಿನ ಕಥೆ, ಒಗಟು, ಹೆಸರುಗಳ ಕೆಲವು ಮೆಟ್ಟಿಲುಗಳನ್ನು ಕೂಡಿಸುವುದೂ, ಹಾಡಿಯ ಓದಿದ ಯುವಕ ಯುವತಿಯರನ್ನು ಸಂಬಳ ಕೊಟ್ಟು ಶಾಲೆಗೆ ಕರೆತರುವುದೂ, ವರ್ಗವಾಗಿ ಬಂದ ಶಿಕ್ಷಕರು ಆ ನುಡಿಯ ನೂರು ಮಾತುಗಳನ್ನಾದರೂ ಕಲಿಯಬೇಕೆಂದು ವಿಧಿಸುವುದೂ ಸರ್ಕಾರದ ಶಕ್ತಿಗೆ ಮೀರಿದವೇನಲ್ಲ. ಅಷ್ಟು ನಡೆಯುವವರೆಗೆ ನಲಿ-ಕಲಿಯನ್ನು ಕನ್ನಡ ಮನೆಮಾತಿನ ಮಕ್ಕಳಿಗೆ ಒಳ್ಳೆಯ ಪದ್ಧತಿಯೆಂದು ಕರೆಯೋಣ. ಎಲ್ಲ ಮಕ್ಕಳ ಪದ್ಧತಿಯೆಂಬ ಬಿರುದನ್ನು ಅದು ಇನ್ನೂ ಸಂಪಾದಿಸಿಲ್ಲ.