ನಾರ್ವೆಯ ಕರಾವಳಿ ಹಡಗು: ರಸಿಕರಿಗೊಂದು ಕೈಪಿಡಿ

ಬರ್ಗೆನ್‌ನಲ್ಲಿ ಹುರ್ಟಿಗ್ರುಟೆನ್ ಎಂಬ ಕರಾವಳಿ ಹಡಗು ಹತ್ತುವ ಹೊಸಬರು ಫಿಯೋರ್ಡ್ (ಕಡಲು ಹೊಕ್ಕ ಕಡಿದಾದ ಕಣಿವೆ) ನೋಡಲೆಂದೇ ಬಂದಿರುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಕೆಲವರ ಮುಖ ಸಪ್ಪೆಯಾಗುತ್ತದೆ. ಗೈರಾಂಗರ್ ಫಿಯೋರ್ಡ್ ಬಂತು, ಹೋಯಿತು. ಆಮೇಲೆ ನೋಡಿದಷ್ಟೂ ಬೋಳು ಬಂಡೆ, ನಡುಗಡ್ಡೆ, ಯಾವುದೋ ಉಗ್ರಾಣದ ಮುಂದೆ ಸಾಮಾನು ಇಳಿಸುತ್ತ ನಿಂತ ಹಡಗು. ಅವರು ಹುಡುಕುತ್ತಿರುವುದು ವಿಹಾರನೌಕೆಯ ಸುಖ, ಹತ್ತಿರುವುದು ದುಡಿಯುವ ಹಡಗು. ಇದರ ರುಚಿ ಹತ್ತಬೇಕಾದರೆ ಮೊದಲು ಇದರ ಕೆಲಸ ತಿಳಿಯಬೇಕು.

ಹಡಗಿನ ಕಸುಬು

ಉತ್ತರ ನಾರ್ವೆಗೆ ಚಳಿಗಾಲದಲ್ಲಿ ಟಪಾಲು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲವದು. ವರ್ಷವಿಡೀ ಓಡುವ ವೇಗದ ಹಡಗು ಬೇಕೆಂದು ಸರ್ಕಾರ ಕೇಳಿದಾಗ, ಕತ್ತಲಲ್ಲಿ ಆ ಬಂಡೆಗಳ ನಡುವೆ ಹೋಗುವುದು ಆಗದ ಮಾತು ಎಂದು ದೊಡ್ಡ ಕಂಪನಿಗಳು ಹಿಂದೆ ಸರಿದವು. ಒಪ್ಪಿಕೊಂಡವರು ಸ್ಟೊಕ್‌ಮಾರ್ಕ್‌ನೆಸ್‌ನ ಕ್ಯಾಪ್ಟನ್ ರಿಚರ್ಡ್ ವಿತ್. ಅವರೂ ಅವರ ಮಾರ್ಗದರ್ಶಿ ನಾವಿಕ ಆಂಡರ್ಸ್ ಹೋಲ್ಟೆಯೂ ಯಾವ ದಿಕ್ಕಿನಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಸಾಗಿ ಎಲ್ಲಿ ತಿರುಗಬೇಕೆಂಬುದನ್ನು ಬಹಳ ಮೊದಲಿನಿಂದಲೇ ಬರೆದಿಟ್ಟುಕೊಂಡಿದ್ದರು. ದಿಕ್ಸೂಚಿ, ಗಡಿಯಾರ, ಆ ಟಿಪ್ಪಣಿಗಳ ಬಲದ ಮೇಲೆ 1893ರ ಜುಲೈ 2ರಂದು ‘ವೆಸ್ಟೆರೋಲನ್’ ಹಡಗು ಟ್ರೊಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ನತ್ತ ಹೊರಟಿತು.

ಇಂದು ದಾರಿ ಬರ್ಗೆನ್‌ನಿಂದ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ ಬೆಳೆದಿದೆ. 34 ಬಂದರುಗಳು, ಹೋಗಿಬರಲು 12 ದಿನ. 2021ರಿಂದ ಹಾವಿಲಾ ಕಂಪನಿಯ ಹಡಗುಗಳೂ ಇದೇ ದಾರಿಯಲ್ಲಿ ಓಡುತ್ತಿವೆ. ನಮ್ಮ ಕೆಂಪು ಬಸ್ಸಿನಂತೆ ಇದು ಊರೂರಿಗೆ ನಿಲ್ಲುತ್ತದೆ. ಆಸ್ಪತ್ರೆಗೋ ನೆಂಟರ ಮನೆಗೋ ಹೊರಟ ಸ್ಥಳೀಯರು ಕ್ಯಾಬಿನ್ ಹಿಡಿಯದೆ ಕೈಚೀಲದೊಂದಿಗೆ ಹತ್ತುತ್ತಾರೆ, ಎರಡು ಊರು ದಾಟಿ ಇಳಿಯುತ್ತಾರೆ.

ಬಂದರು ಬಂದಾಗ ಎದ್ದು ನಿಲ್ಲಿ

ಸಣ್ಣ ಬಂದರುಗಳಲ್ಲಿ ಹಡಗು ನಿಲ್ಲುವುದು ಕಾಲು ಗಂಟೆ, ಅರ್ಧ ಗಂಟೆ. ಹೊಸಬರು ಆ ಹೊತ್ತಿಗೆ ಊಟಕ್ಕೆ ಕೂರುತ್ತಾರೆ. ನೀವು ಮೇಲಿನ ಡೆಕ್ಕಿನ ಕಟಕಟೆಗೆ ಬನ್ನಿ. ದಪ್ಪ ಹಗ್ಗ ದಡಕ್ಕೆ ಬೀಳುತ್ತದೆ, ಅಲ್ಲಿ ಕಾದಿದ್ದವನು ಅದನ್ನು ಗೂಟಕ್ಕೆ ತೊಡಿಸುತ್ತಾನೆ. ಹಡಗಿನ ಪಕ್ಕದ ಬಾಗಿಲು ತೆರೆಯುತ್ತಿದ್ದಂತೆ ಫೋರ್ಕ್‌ಲಿಫ್ಟ್ ಒಳನುಗ್ಗಿ ಸಾಮಾನಿನ ಹಲಗೆ ಹೊತ್ತು ಹಿಂದಕ್ಕೆ ಬರುತ್ತದೆ, ಗಿರ್ರನೆ ತಿರುಗಿ ಇನ್ನೊಂದನ್ನು ಒಳಗಿಡುತ್ತದೆ. ಯಾರೂ ಕೂಗಾಡುವುದಿಲ್ಲ. ಯಾವ ಊರಿನಲ್ಲಿ ಏನು ಇಳಿಯಿತು, ಏನು ಹತ್ತಿತು ಎಂದು ಗಮನಿಸಿದರೆ ಆ ಊರು ಯಾವುದರ ಮೇಲೆ ಬದುಕುತ್ತಿದೆ ಎಂಬುದು ಗೊತ್ತಾಗುತ್ತದೆ.

ದೊಡ್ಡ ನಿಲ್ದಾಣಗಳಲ್ಲಿ ಇಳಿದು ನಡೆಯಿರಿ. ಓಲೆಸುಂಡ್ 1904ರ ಬೆಂಕಿಯಲ್ಲಿ ಸುಟ್ಟು, ಆರ್ ನೂವೋ ಶೈಲಿಯಲ್ಲಿ ಮತ್ತೆ ಎದ್ದ ಊರು. ಆದರೆ ಹೊರಡುವ ಹೊತ್ತು ನೆನಪಿರಲಿ. ಯಾರಿಗಾಗಿಯೂ ಹಡಗು ಕಾಯುವುದಿಲ್ಲ.

ಒಳದಾರಿ ಮತ್ತು ಹೊರಗಡಲು

ದಾರಿಯ ಬಹುಪಾಲು ನಡುಗಡ್ಡೆಗಳ ಮರೆಯಲ್ಲಿ ಸಾಗುತ್ತದೆ. ಅಲ್ಲಿ ನೀರು ಕೆರೆಯಂತೆ ಶಾಂತ. ನಡುನಡುವೆ ಮರೆ ತಪ್ಪುತ್ತದೆ: ಸ್ಟಾಡ್ ಭೂಶಿರ, ಹುಸ್ಟಾಡ್‌ವಿಕಾ, ಲೊಫೊಟೆನ್ ದ್ವೀಪಗಳಿಗೆ ಮುನ್ನ ವೆಸ್ಟ್‌ಫಿಯೋರ್ಡ್. ಅಲ್ಲಿ ತೆರೆ ನೇರ ಬಂದು ಬಡಿಯುತ್ತದೆ, ಬಟ್ಟಲುಗಳು ಜಾರುತ್ತವೆ. ಈ ಎರಡರ ಅದಲುಬದಲೇ ಪ್ರಯಾಣದ ಲಯ. ಕಣ್ಣು ಮುಚ್ಚಿ ಕುಳಿತರೂ ಈಗ ಹಡಗು ಮರೆಯಲ್ಲಿದೆಯೋ ಬಯಲಿನಲ್ಲಿದೆಯೋ ಎಂದು ಹೇಳಬಲ್ಲಿರಾದರೆ ಅರ್ಧ ವಿದ್ಯೆ ಕಲಿತಂತೆ. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಹಿಡಿಯುವುದು ಒಳ್ಳೆಯದು.

ಫಿಯೋರ್ಡನ್ನು ನೋಡುವ ಬಗೆ

ಹಿಮನದಿಗಳು ಕಣಿವೆಯನ್ನು ಕೊರೆದು, ಕರಗಿ ಹಿಂದೆ ಸರಿದಾಗ ಸಮುದ್ರ ಒಳಗೆ ಬಂದು ಫಿಯೋರ್ಡ್ ಆಯಿತು. ಅದಕ್ಕೇ ಗೋಡೆಗಳು ಅಷ್ಟು ಕಡಿದು. ಬೇಸಿಗೆಯಲ್ಲಿ ಹಡಗು ಹೋಗುವ ಗೈರಾಂಗರ್ 2005ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಎಲ್ಲರೂ ‘ಏಳು ಸೋದರಿಯರು’ ಜಲಪಾತದತ್ತ ಕ್ಯಾಮರಾ ಎತ್ತುವಾಗ ನೀವು ಎದುರಿನ ಬಂಡೆಯ ನೆತ್ತಿ ನೋಡಿ. ಸ್ಕಾಗೆಫ್ಲೋ ಎಂಬ ಹಳೆಯ ಹೊಲಮನೆ ಅಲ್ಲಿದೆ. ಅಲ್ಲಿ ಜನ ಆಡು ಸಾಕಿ ಬದುಕಿದರು, ಮನೆಗೆ ಬೇಕಾದುದನ್ನೆಲ್ಲ ಬೆನ್ನ ಮೇಲೆ ಹೊತ್ತು ಏರಿದರು. ಬಂಡೆ ಎಷ್ಟು ಎತ್ತರ ಎಂಬುದು ಆ ಮನೆ ಕಣ್ಣಿಗೆ ಬಿದ್ದ ಮೇಲೆಯೇ ಅರ್ಥವಾಗುವುದು.

ಲೊಫೊಟೆನ್ ಬಳಿಯ ಟ್ರೋಲ್‌ಫಿಯೋರ್ಡ್ ಸುಮಾರು 2 ಕಿಲೋಮೀಟರ್ ಉದ್ದ. ಬಾಯಿ 100 ಮೀಟರಿನಷ್ಟೇ ಅಗಲ. ಹಡಗು ಅದರ ಕೊನೆಗೆ ಹೋಗಿ ನಿಂತಲ್ಲೇ ತಿರುಗುತ್ತದೆ. 1890ರಲ್ಲಿ ಇಲ್ಲಿ ಮೀನಿಗಾಗಿ ಉಗಿಹಡಗಿನವರಿಗೂ ಹಾಯಿದೋಣಿಯ ಬಡ ಬೆಸ್ತರಿಗೂ ಬಡಿದಾಟವಾಗಿತ್ತು.

ಕತ್ತಲಾದ ಮೇಲೆ ಮಲಗಬೇಡಿ

ಶರತ್ಕಾಲ, ಚಳಿಗಾಲದಲ್ಲಿ ಹೋದವರಿಗೆ ಉತ್ತರದ ಬೆಳಕಿನ ಜತೆಗೆ ಇನ್ನೊಂದು ಬೆಳಕಿನಾಟವಿದೆ. ದೀಪಸ್ತಂಭಗಳು ಒಂದೊಂದು ಕೋನಕ್ಕೆ ಒಂದೊಂದು ಬಣ್ಣ ಬೀರುತ್ತವೆ: ಬಿಳಿ ಕಂಡರೆ ದಾರಿ ಸರಿ, ಕೆಂಪೋ ಹಸಿರೋ ಕಂಡರೆ ಪಕ್ಕಕ್ಕೆ ಸರಿದಿದ್ದೀರಿ ಎಂದರ್ಥ. ಡೆಕ್ಕಿನ ಮುಂದುಗಡೆ ನಿಂತು ಒಂದೇ ದೀಪವನ್ನು ಹಿಡಿದು ನೋಡಿ. ಬಿಳಿ ಇದ್ದದ್ದು ಹಸಿರಿಗೆ ತಿರುಗುತ್ತದೆ. ಅಷ್ಟರಲ್ಲಿ ಹಡಗು ಮೆಲ್ಲಗೆ ವಾಲಿ ತಿರುಗುತ್ತದೆ, ಮುಂದಿನ ದೀಪದ ಬಿಳಿ ಕಾಣಿಸುತ್ತದೆ. ವಿತ್ ಮತ್ತು ಹೋಲ್ಟೆ ಟಿಪ್ಪಣಿಯಲ್ಲಿ ಬರೆದುಕೊಂಡದ್ದನ್ನು ಇಂದು ದೀಪಗಳು ಹೇಳುತ್ತಿವೆ.

ಮರಳುವ ದಾರಿ

ಕಿರ್ಕೆನೆಸ್ ಮುಟ್ಟಿದೊಡನೆ ವಿಮಾನ ಹತ್ತುವವರು ಬಹಳ. ಆದರೆ ಹೋಗುವಾಗ ರಾತ್ರಿ ದಾಟಿದ ಬಂದರುಗಳು ಬರುವಾಗ ಹಗಲು ಸಿಗುವಂತೆ ವೇಳಾಪಟ್ಟಿ ಹೆಣೆದಿದ್ದಾರೆ. ಹೆಲ್ಗೆಲಾಂಡ್ ಕರಾವಳಿಯ ಪುರಾಣ ಕಾಣಿಸುವುದು ಆಗಲೇ. ಹೆಸ್ಟ್‌ಮನ್ನೆನ್ ಎಂಬ ಕುದುರೆ ಸವಾರ ಲೇಕಾ ಕನ್ಯೆಯ ಬೆನ್ನಟ್ಟುತ್ತಾನೆ. ಕೈಗೆ ಸಿಗದಾಗ ಬಾಣ ಬಿಡುತ್ತಾನೆ. ಸೊಮ್ನಾದ ದೊರೆ ತನ್ನ ಟೋಪಿ ಎಸೆದು ಅದನ್ನು ತಡೆಯುತ್ತಾನೆ. ಅಷ್ಟರಲ್ಲಿ ಸೂರ್ಯ ಹುಟ್ಟಿ ಎಲ್ಲರೂ ಕಲ್ಲಾಗುತ್ತಾರೆ. ಬೆಳಿಗ್ಗೆ ಆರ್ಕ್ಟಿಕ್ ವೃತ್ತದ ಹತ್ತಿರ ಸವಾರನ ಬೆಟ್ಟ, ಆಮೇಲೆ ಲೇಕಾ ಕನ್ಯೆಯೊಡನೆ ಓಡಿದ ಏಳು ಸೋದರಿಯರ ಶಿಖರಸಾಲು (ಗೈರಾಂಗರ್‌ನ ಜಲಪಾತದ್ದೂ ಇದೇ ಹೆಸರು), ಮುಂದೆ ಬಾಣ ತೂರಿದ ಟೋಪಿ ಟೊರ್ಗ್‌ಹಾಟನ್. ಅದರ ನಡುವಿನ ತೂತು 160 ಮೀಟರ್ ಉದ್ದ. ಒಂದು ಕೋನಕ್ಕೆ ಬಂದಾಗ ಆಚೆಯ ಆಕಾಶ ಕಾಣುತ್ತದೆ.

ಮನೆಯಲ್ಲೇ ಅಭ್ಯಾಸ ಮಾಡಬೇಕೆಂದರೆ ಅದಕ್ಕೂ ದಾರಿಯಿದೆ: 2011ರಲ್ಲಿ ನಾರ್ವೆಯ ಸರ್ಕಾರಿ ವಾಹಿನಿ ಎನ್‌ಆರ್‌ಕೆ ಈ ಯಾನವನ್ನು 134 ಗಂಟೆ ಬಿಡದೆ ನೇರ ಪ್ರಸಾರ ಮಾಡಿತ್ತು. ಅದರ ಒಂದು ಗಂಟೆಯನ್ನಾದರೂ ಮುಂದಕ್ಕೆ ಓಡಿಸದೆ ನೋಡಿ. ಬೇಸರ ಬಂದರೆ ಈ ಹಡಗು ನಿಮಗಲ್ಲ. ಬರದಿದ್ದರೆ, ಇಡೀ ಸುತ್ತಿನ ಟಿಕೆಟ್ ತೆಗೆದುಕೊಳ್ಳಿ. ಹಣವೋ ರಜೆಯೋ ಸಾಲದೆ ಅರ್ಧವೇ ಸಾಧ್ಯವೆಂದಾದರೆ ದಕ್ಷಿಣಕ್ಕೆ ಬರುವ ಅರ್ಧವನ್ನೇ ಆರಿಸಿಕೊಳ್ಳಿ.